ಟೋಕಿಯೋದಲ್ಲಿ ಸುಶಿ: ಮೀನಿಗಿಂತ ಮೊದಲು ಅನ್ನ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಶಿಕ್ಷಕ. ಮಗಳು, ಅಳಿಯ ಟೋಕಿಯೋದಲ್ಲಿದ್ದಾರೆ. ಏಪ್ರಿಲ್‌ನಲ್ಲಿ ನಾವಿಬ್ಬರೂ ಹತ್ತು ದಿನ ಅಲ್ಲಿಗೆ ಹೋಗುತ್ತಿದ್ದೇವೆ. ನಾನು ಮೀನು ತಿನ್ನುತ್ತೇನೆ, ಆದರೆ ಹಸಿ ಮೀನನ್ನು ಬಾಯಿಗಿಟ್ಟವನಲ್ಲ. ಹೆಂಡತಿ ಮೀನು, ಮಾಂಸ, ಮೊಟ್ಟೆ ಮೂರನ್ನೂ ಬಿಟ್ಟು ಹತ್ತು ವರ್ಷವಾಯಿತು. ಟೋಕಿಯೋದ ಅತ್ಯುತ್ತಮ ಸುಶಿ ಹೋಟೆಲ್ ಯಾವುದು? ಹಸಿ ಮೀನಿನಿಂದ ಅಪಾಯವಿಲ್ಲವೇ? ಅವಳಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ:

ಮೇಷ್ಟ್ರೇ, ಟೋಕಿಯೋದ ಅಡುಗೆಮನೆಗಳಲ್ಲಿ ಒಂಬತ್ತು ವರ್ಷ ದುಡಿದು ಶಿವಮೊಗ್ಗಕ್ಕೆ ಮರಳಿದವನು ನಾನು. ಆ ಊರಿಗೆ ಹೊರಟವರೆಲ್ಲ ನನ್ನನ್ನು ಕೇಳುವುದು ನಿಮ್ಮ ಮೊದಲ ಪ್ರಶ್ನೆಯನ್ನೇ. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿ ಕಳಿಸಿದವರಲ್ಲಿ ಅರ್ಧ ಜನ ಬೇಸರದಿಂದ ಹಿಂತಿರುಗಿದ್ದನ್ನು ಕಂಡ ಮೇಲೆ ಆ ಅಭ್ಯಾಸವನ್ನು ಬಿಟ್ಟೆ. ಹೆಸರುಗಳನ್ನು ಕೊಡುತ್ತೇನೆ. ಅದಕ್ಕೂ ಮೊದಲು, ಹೋಟೆಲಿನಲ್ಲಿ ಕೂತಾಗ ಏನನ್ನು ನೋಡಬೇಕು ಎಂಬುದನ್ನು ಹೇಳಬೇಕು.

ಸುಶಿ ಎಂದರೆ ಹಸಿ ಮೀನು ಎಂದು ನಮ್ಮಲ್ಲಿ ಎಲ್ಲರೂ ತಿಳಿದಿದ್ದಾರೆ. ಹಸಿ ಮೀನಿನ ಹೋಳನ್ನಷ್ಟೇ ಬಡಿಸಿದರೆ ಅದಕ್ಕೆ ಸಾಶಿಮಿ ಎನ್ನುತ್ತಾರೆ. ಸುಶಿ ಎಂದರೆ ವಿನೆಗರ್‌ನ ಹುಳಿ ಬೆರೆಸಿದ ಅನ್ನದ ಅಡುಗೆ. ಅನ್ನವಿಲ್ಲದೆ ಸುಶಿ ಇಲ್ಲ, ಮೀನಿಲ್ಲದೆ ಸುಶಿ ಧಾರಾಳವಾಗಿ ಇದೆ. ನಾನು ಮೊದಲು ಸೇರಿದ ಕಡೆ ಎಂಟು ತಿಂಗಳು ನನಗೆ ಮೀನು ಮುಟ್ಟಲು ಬಿಡಲಿಲ್ಲ. ಅಕ್ಕಿ ತೊಳೆಯುವುದು, ನೆನೆಸುವುದು, ಅನ್ನ ಬೆಂದ ಮೇಲೆ ಅಗಲವಾದ ಮರದ ಬಾನಿಗೆ ಸುರಿದು ಹುಳಿ ಚಿಮುಕಿಸುವುದು, ಕಾಳು ಮುರಿಯದಂತೆ ಮರದ ಸೌಟಿನಿಂದ ಸೀಳಿದ ಹಾಗೆ ಬೆರೆಸುವುದು, ಬೀಸಣಿಗೆಯಿಂದ ಆರಿಸುವುದು. ಪ್ರತಿದಿನ ಹಿರಿಯ ಬಾಣಸಿಗರು ಒಂದು ಚಿಟಿಕೆ ಅನ್ನ ಬಾಯಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಹೋಗುತ್ತಿದ್ದರು. ಒಂದು ದಿನ ಮಾತ್ರ ನಿಂತು, ಇವತ್ತಿನ ಅಕ್ಕಿ ಬೇರೆ ಮೂಟೆಯದೇ ಎಂದು ಕೇಳಿದರು. ಹೌದು, ಬೇರೆಯದೇ ಆಗಿತ್ತು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಮಲೆನಾಡಿನವರಿಗೆ ಅಕ್ಕಿಯ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯ ಅಕ್ಕಿ ಉದುರುದುರಾಗಿ ನೀರು ಕುಡಿಯುತ್ತದೆ ಎನ್ನುವುದು ನಿಮ್ಮ ಮನೆಯವರಿಗೆ ಗೊತ್ತು. ಟೋಕಿಯೋದ ಸುಶಿಯವರೂ ಇದೇ ಲೆಕ್ಕ ಹಾಕುತ್ತಾರೆ. ಹೊಸ ಬೆಳೆಯ ಅಕ್ಕಿಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಹುಳಿ ಒಳಗೆ ಇಳಿಯುವುದಿಲ್ಲ. ಅದಕ್ಕೇ ಹಿಂದಿನ ವರ್ಷದ ಅಕ್ಕಿಯನ್ನು ಬೆರೆಸುವವರಿದ್ದಾರೆ. ಕೊಶಿಹಿಕಾರಿ ತಳಿ ಊಟಕ್ಕೆ ಹೆಸರಾದರೂ ಅಂಟು ಜಾಸ್ತಿ ಎಂದು, ಕಡಿಮೆ ಅಂಟಿನ ಸಾಸಾನಿಶಿಕಿಯನ್ನು ಹುಡುಕಿ ತರುವವರೂ ಇದ್ದಾರೆ. ಒಳ್ಳೆಯ ಸುಶಿಯ ಅನ್ನ ಕೈಯಲ್ಲಿ ಹಿಡಿದಾಗ ನಿಲ್ಲಬೇಕು, ಬಾಯಿಗೆ ಹೋದ ಕೂಡಲೇ ಕಾಳುಕಾಳಾಗಿ ಬಿಡಿಸಿಕೊಳ್ಳಬೇಕು. ಇನ್ನೊಂದು ಗುರುತು ಅದರ ಬಿಸಿ. ಮೈಯ ಕಾವಿನಷ್ಟೇ ಬೆಚ್ಚಗಿರಬೇಕು. ತಣ್ಣಗೆ ಗಟ್ಟಿಯಾದ ಅನ್ನದ ಮೇಲೆ ಎಷ್ಟು ದುಬಾರಿ ಮೀನು ಹೊದಿಸಿದರೂ ಅದು ಒಳ್ಳೆಯ ಸುಶಿಯಲ್ಲ. ಕೆಲವು ಕಡೆ ಅನ್ನ ತುಸು ಕಂದು ಬಣ್ಣಕ್ಕಿರುತ್ತದೆ. ಹಾಳಾಗಿದೆ ಎಂದು ಗಾಬರಿಯಾಗಬೇಡಿ. ಅಕ್ಕಿಯ ಮದ್ಯವಾದ ಸಾಕೆ ಹಿಂಡಿ ಉಳಿದ ಗಸಿಯನ್ನು ವರ್ಷಗಟ್ಟಲೆ ಹಣ್ಣಾಗಿಸಿ ತೆಗೆದ ಕೆಂಪು ವಿನೆಗರ್‌ನ ಬಣ್ಣ ಅದು. ಆ ವಿನೆಗರ್‌ನಲ್ಲಿ ಹುಳಿಯ ಮೊನಚು ಕಡಿಮೆ, ಘಮ ಹೆಚ್ಚು. ನನಗೆ ಇಷ್ಟವಾದದ್ದು ಅದೇ.

ಈ ವಿನೆಗರ್‌ಗೂ ಸುಶಿಯ ಚರಿತ್ರೆಗೂ ಗಂಟು ಬಿದ್ದಿದೆ. ಸುಶಿಯ ಮೂಲರೂಪದಲ್ಲಿ ವಿನೆಗರ್ ಇರಲೇ ಇಲ್ಲ. ಉಪ್ಪು ಹಾಕಿದ ಮೀನನ್ನು ಅನ್ನದೊಳಗೆ ಹೂತಿಟ್ಟು ತಿಂಗಳುಗಟ್ಟಲೆ ಹುಳಿಬರಿಸುತ್ತಿದ್ದರು. ಅನ್ನ ಹುಳಿತು ಮೀನು ಕೆಡದಂತೆ ಕಾಯುತ್ತಿತ್ತು. ಆಗ್ನೇಯ ಏಷ್ಯಾದ ಗದ್ದೆನಾಡುಗಳಲ್ಲಿ ಹುಟ್ಟಿದ ಪದ್ಧತಿ ಇದು ಎಂದು ವಿದ್ವಾಂಸರು ಹೇಳುತ್ತಾರೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಕೂಣಿ ಒಡ್ಡಿ ಹಿಡಿಯುವ ನಮಗೆ, ಭತ್ತವೂ ಮೀನೂ ಒಂದೇ ನೀರಿನಲ್ಲಿ ಬೆಳೆಯುವ ಊರಲ್ಲಿ ಇಂಥ ಅಡುಗೆ ಹುಟ್ಟಿತೆಂದರೆ ಆಶ್ಚರ್ಯವೇನಿಲ್ಲ. ಜಪಾನಿನ ಬಿವಾ ಸರೋವರದ ಸುತ್ತ ಫುನಾಜುಶಿ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ. ವಾಸನೆ ತೀಕ್ಷ್ಣ. ನಮ್ಮ ಒಣಮೀನಿನ ವಾಸನೆಗೆ ಒಗ್ಗಿದ ಮೂಗಿಗೂ ಅದು ಸುಲಭದ್ದಲ್ಲ.

ಎದೋ ಎಂದು ಕರೆಯುತ್ತಿದ್ದ ಹಳೆಯ ಟೋಕಿಯೋದ ಜನಕ್ಕೆ ತಿಂಗಳುಗಟ್ಟಲೆ ಕಾಯುವ ವ್ಯವಧಾನ ಇರಲಿಲ್ಲ. 1804ರಲ್ಲಿ ಹಾಂಡಾ ಎಂಬ ಊರಿನಲ್ಲಿ ಆರಂಭವಾದ, ಇಂದು ಮಿತ್ಸುಕಾನ್ ಎಂದು ಹೆಸರಾಗಿರುವ ಕಂಪನಿ ಸಾಕೆಯ ಗಸಿಯಿಂದ ವಿನೆಗರ್ ತೆಗೆದು ಮಾರಲು ತೊಡಗಿತು. ಅಗ್ಗದ ಹುಳಿ ಸಿಕ್ಕಿದ್ದೇ ಅನ್ನವನ್ನು ಹುಳಿಬರಿಸುವ ಕೆಲಸ ಗಳಿಗೆಯಲ್ಲಿ ಮುಗಿಯಿತು. 1820ರ ದಶಕದಲ್ಲಿ ಹನಾಯಾ ಯೋಹೇ ಎಂಬಾತ ಹುಳಿಯನ್ನದ ಉಂಡೆಯ ಮೇಲೆ ಮೀನಿನ ಹೋಳು ಇಟ್ಟು, ಕೈಯಲ್ಲೇ ಒತ್ತಿ ಕೊಡುವ ಕ್ರಮವನ್ನು ಜನಪ್ರಿಯಗೊಳಿಸಿದ. ಅದೇ ಇಂದಿನ ನಿಗಿರಿ. ರಸ್ತೆ ಬದಿಯ ತಳ್ಳುಗಾಡಿಯ ಬಳಿ ನಿಂತು ತಿನ್ನುವ ತಿಂಡಿ ಅದು. ಆಗಿನ ಉಂಡೆ ಈಗಿನದಕ್ಕಿಂತ ಬಹಳ ದೊಡ್ಡದು. ಐಸ್ ಇಲ್ಲದ ಕಾಲವಾದ್ದರಿಂದ ಮೀನನ್ನು ಉಪ್ಪು, ವಿನೆಗರ್‌ನಲ್ಲಿ ಪಳಗಿಸುವುದು, ಸೋಯಾ ಸಾಸ್‌ನಲ್ಲಿ ಅದ್ದಿಡುವುದು, ಬೇಯಿಸುವುದು ಅನಿವಾರ್ಯವಾಗಿತ್ತು. ಎದೋಮಾಎ ಎಂದು ಹೋಟೆಲಿನವರು ಹೆಮ್ಮೆಯಿಂದ ಬರೆದುಕೊಳ್ಳುವುದು ಈ ಕಸುಬನ್ನೇ. ಹಾಗಾಗಿ ಹಸಿ ಮೀನಿಗೆ ಅಂಜುವ ನಿಮಗೆ ಹಳೆಯ ಶೈಲಿಯ ಎದೋಮಾಎ ಅಂಗಡಿಯೇ ಹೇಳಿ ಮಾಡಿಸಿದ ಜಾಗ.

ಇನ್ನು ಹೆಸರುಗಳು. ಟೋಕಿಯೋದ ಸುಶಿ ಎಂದೊಡನೆ ಎಲ್ಲರೂ ಹೇಳುವುದು ಗಿಂಝಾ ಎಂಬ ದುಬಾರಿ ಬಡಾವಣೆಯ ಸುಕಿಯಾಬಾಶಿ ಜಿರೊ ಎಂಬ ಅಂಗಡಿಯನ್ನು. ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಹತ್ತೇ ಆಸನಗಳು. 1925ರಲ್ಲಿ ಹುಟ್ಟಿದ ಜಿರೊ ಓನೊ ಅದನ್ನು ಕಟ್ಟಿ ಬೆಳೆಸಿದರು. ಹೋಟೆಲುಗಳಿಗೆ ತಾರೆ ಕೊಟ್ಟು ಅಳೆಯುವ ಮಿಶೆಲಿನ್ ಕೈಪಿಡಿಯ ಮೊದಲ ಟೋಕಿಯೋ ಆವೃತ್ತಿ 2007ರಲ್ಲಿ ಬಂದಾಗಲೇ ಗರಿಷ್ಠವಾದ ಮೂರು ತಾರೆ ಪಡೆಯಿತು. 2014ರಲ್ಲಿ ಅಂದಿನ ಪ್ರಧಾನಿ ಶಿಂಜೊ ಅಬೆ ಅಮೆರಿಕದ ಅಧ್ಯಕ್ಷ ಒಬಾಮಾ ಅವರನ್ನು ಕರೆದೊಯ್ದದ್ದು ಇಲ್ಲಿಗೇ. 2019ರಲ್ಲಿ ಮಿಶೆಲಿನ್ ಅದನ್ನು ಪಟ್ಟಿಯಿಂದ ಕೈಬಿಟ್ಟಿತು, ಅಷ್ಟೇ ಹೆಸರಿನ ಸುಶಿ ಸಾಯ್ತೊವನ್ನೂ ಕೈಬಿಟ್ಟಿತು. ಕಾರಣ ರುಚಿ ಕೆಟ್ಟದ್ದಲ್ಲ. ಸಾಮಾನ್ಯರು ಫೋನ್ ಮಾಡಿ ಜಾಗ ಕಾದಿರಿಸಲು ಆಗುವುದಿಲ್ಲ ಎಂಬುದು. ಪರಿಚಯದವರ ಮೂಲಕವೋ ದೊಡ್ಡ ಹೋಟೆಲಿನ ಸಿಬ್ಬಂದಿಯ ಮೂಲಕವೋ ಹೋಗಬೇಕು. ಹೋದರೂ ಸುಮಾರು ಇಪ್ಪತ್ತು ತುಂಡು ಸುಶಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಬಿಲ್ಲು ನಲವತ್ತು ಸಾವಿರ ಯೆನ್ ದಾಟುತ್ತದೆ. ಒಂದು ಯೆನ್ನಿಗೆ ಅರ್ಧ ರೂಪಾಯಿಗಿಂತ ಸ್ವಲ್ಪ ಹೆಚ್ಚು ಎಂದು ಹಿಡಿದು ನೀವೇ ಗುಣಿಸಿ ನೋಡಿ. ಅಲ್ಲಿನ ಅನ್ನ ಶ್ರೇಷ್ಠ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವನದಲ್ಲಿ ಮೊದಲ ಸಲ ಹಸಿ ಮೀನು ತಿನ್ನುವವರು, ಭಾಷೆ ಬಾರದವರು, ಪಕ್ಕದಲ್ಲಿ ಏನೂ ತಿನ್ನಲಾಗದ ಹೆಂಡತಿಯನ್ನು ಕೂರಿಸಿಕೊಂಡು ಅಂಥ ಕಡೆ ಹೋಗಬಾರದು. ಮಗಳು ಪ್ರೀತಿಯಿಂದ ಒತ್ತಾಯಿಸಿದರೂ ಬೇಡ ಎನ್ನಿ.

ನಾನು ನಿಮ್ಮನ್ನು ಕಳಿಸುವುದು ಅಸಾಕುಸಾಕ್ಕೆ. ಸೆನ್ಸೋಜಿ ದೇವಾಲಯ ನೋಡಲು ಹೇಗೂ ಹೋಗುತ್ತೀರಿ. ಅದರ ಹತ್ತಿರದಲ್ಲೇ ಬೆಂಟೆನ್‌ಯಾಮಾ ಮಿಯಾಕೊಜುಶಿ ಇದೆ. 1866ರಲ್ಲಿ, ಅಂದರೆ ಎದೋ ಇನ್ನೂ ಟೋಕಿಯೋ ಆಗುವ ಮೊದಲೇ ಶುರುವಾದದ್ದು. ಪಳಗಿಸಿದ, ಬೇಯಿಸಿದ, ಅದ್ದಿಟ್ಟ ಮೀನುಗಳ ಹಳೆಯ ಕಸುಬನ್ನು ಬಿಡದೆ ಇಟ್ಟುಕೊಂಡಿರುವ ಮನೆತನ. ನನ್ನ ಮಟ್ಟಿಗೆ ಟೋಕಿಯೋದಲ್ಲಿ ಸುಶಿ ಏನೆಂದು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಮುಂಚಿತವಾಗಿ ಜಾಗ ಕಾದಿರಿಸಲು ಮಗಳಿಗೆ ಹೇಳಿ.

ನಿಹೊಂಬಾಶಿಯಲ್ಲಿ 1879ರ ಯೋಶಿನೊಜುಶಿ ಇದೆ. ಟ್ಯೂನಾ ಮೀನಿನ ಹೊಟ್ಟೆಯ ಕೊಬ್ಬಿನ ಭಾಗಕ್ಕೆ ತೊರೊ ಎಂಬ ಹೆಸರು ಹುಟ್ಟಿದ್ದು ಈ ಅಂಗಡಿಯಲ್ಲಿ ಎನ್ನುತ್ತಾರೆ. ಇಂದು ಚಿನ್ನದ ಬೆಲೆಗೆ ಮಾರುವ ಆ ಭಾಗವನ್ನು ಎದೋ ಕಾಲದವರು ಎಸೆಯುತ್ತಿದ್ದರು. ಗಿಂಝಾದ ಹೆಸರು ನೋಡಲೇಬೇಕೆಂದಿದ್ದರೆ 1935ರಲ್ಲಿ ಸ್ಥಾಪನೆಯಾದ ಕ್ಯೂಬೆಗೆ ಹೋಗಿ, ಮಧ್ಯಾಹ್ನವೇ ಹೋಗಿ. ಅನ್ನದ ಸುತ್ತ ಕಡಲಪಾಚಿಯ ಗೋಡೆ ಕಟ್ಟಿ ಮೇಲೆ ಮೀನಿನ ಮೊಟ್ಟೆ ತುಂಬುವ ಗುಂಕನ್ ಸುಶಿ ಹುಟ್ಟಿದ್ದು ಅಲ್ಲಿ ಎಂಬ ಪ್ರತೀತಿ ಇದೆ. ವಿದೇಶಿ ಅತಿಥಿಗಳನ್ನು ಕಂಡು ಅಲ್ಲಿನವರು ಗಂಟಲು ಬಿಗಿಹಿಡಿಯುವುದಿಲ್ಲ, ನಗುತ್ತಲೇ ಮಾತಾಡಿಸುತ್ತಾರೆ. ಮಧ್ಯಾಹ್ನ ಎಂದು ಒತ್ತಿ ಹೇಳಿದ್ದೇಕೆಂದರೆ, ಗಿಂಝಾದ ಹಲವು ಅಂಗಡಿಗಳಲ್ಲಿ ಅದೇ ಕೈ, ಅದೇ ಅನ್ನ ಮಧ್ಯಾಹ್ನದ ಊಟಕ್ಕೆ ರಾತ್ರಿಯ ಬೆಲೆಯ ಅರ್ಧಕ್ಕೂ ಕಡಿಮೆಯಲ್ಲಿ ಸಿಗುತ್ತದೆ.

ಮೀನಿನ ಮಾರುಕಟ್ಟೆಯ ಮಾತು ಬಂದರೆ ಹಳೆಯ ಮಾಹಿತಿ ನಂಬಿ ಹೋಗಬೇಡಿ. ತ್ಸುಕಿಜಿಯ ಸಗಟು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲಿ ಮುಚ್ಚಿ ತೊಯೊಸುಗೆ ಸ್ಥಳಾಂತರವಾಯಿತು. ತ್ಸುಕಿಜಿಯಲ್ಲಿ ಉಳಿದಿರುವುದು ಹೊರಗಿನ ಅಂಗಡಿ ಬೀದಿ. ಟ್ಯೂನಾ ಹರಾಜು ನಡೆಯುವುದು ತೊಯೊಸುವಿನಲ್ಲಿ, ಬೆಳಕು ಹರಿಯುವ ಹೊತ್ತಿಗೆ. 2019ರ ಹೊಸ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದೇ ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಕೊಂಡವರು ಸುಶಿ ಝನ್ಮಾಯ್ ಹೋಟೆಲುಗಳ ಮಾಲೀಕರು. ಅದು ಮೀನಿನ ಬೆಲೆಯಲ್ಲ, ಹೆಸರಿನ ಬೆಲೆ. ಮರುದಿನದ ಹರಾಜಿಗೆ ದರ ನೆಲಕ್ಕಿಳಿದಿರುತ್ತದೆ. ತೊಯೊಸುವಿನ ಸುಶಿ ದಾಯ್ ಮತ್ತು ದಾಯ್ವಾ ಸುಶಿ ಎರಡೂ ಹಳೆಯ ಮಾರುಕಟ್ಟೆಯಿಂದ ಬಂದ ಸಣ್ಣ ಅಂಗಡಿಗಳು, ಎರಡೂ ಒಳ್ಳೆಯವು. ಆದರೆ ಸುಶಿ ದಾಯ್ ಎದುರಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ನಿಮ್ಮ ವಯಸ್ಸಿಗೆ ಆ ಚಳಿಯ ಬೆಳಗಿನಲ್ಲಿ ಅದು ಬೇಡ. ದಾಯ್ವಾದ ಸಾಲು ಬೇಗ ಸಾಗುತ್ತದೆ. ಭಾನುವಾರ ಮಾರುಕಟ್ಟೆಗೆ ರಜೆ, ಬುಧವಾರಗಳೂ ಅನೇಕ ಸಲ ರಜೆ. ಕ್ಯಾಲೆಂಡರ್ ನೋಡಿ ಹೊರಡಿ.

ಯಂತ್ರದ ಪಟ್ಟಿಯ ಮೇಲೆ ತಟ್ಟೆಗಳು ತಿರುಗುತ್ತಾ ಬರುವ ಅಂಗಡಿಗಳನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಆ ಗುಂಪಿನವನಲ್ಲ. 1958ರಲ್ಲಿ ಒಸಾಕಾ ಪ್ರಾಂತ್ಯದಲ್ಲಿ ಯೋಶಿಯಾಕಿ ಶಿರಾಯ್ಶಿ ಎಂಬವರು, ಬಿಯರ್ ಕಾರ್ಖಾನೆಯ ಪಟ್ಟಿಯ ಮೇಲೆ ಬಾಟಲಿಗಳು ಸಾಗುವುದನ್ನು ಕಂಡು ಇದನ್ನು ಆರಂಭಿಸಿದರು. ಸುಶಿ ಮತ್ತೆ ಬಡವರ ಕೈಗೆ ಎಟುಕಿದ್ದು ಅದರಿಂದ. ಸುಶಿರೊ, ಕುರಾ ಸುಶಿಗಳಲ್ಲಿ ತಟ್ಟೆಯ ಬೆಲೆ ನೂರ ಚಿಲ್ಲರೆ ಯೆನ್‌ನಿಂದ ಶುರುವಾಗುತ್ತದೆ. ಪರದೆಯ ಮೇಲೆ ಚಿತ್ರ ಮುಟ್ಟಿ ಬೇಕಾದ್ದನ್ನು ತರಿಸಬಹುದು. ಅಲ್ಲಿ ಅನ್ನದ ಉಂಡೆ ಒತ್ತುವುದು ಯಂತ್ರ, ಅದನ್ನು ಮುಚ್ಚಿಡುವುದಿಲ್ಲ. ಒಂದು ಮೆಟ್ಟಿಲು ಮೇಲೆ ಬೇಕಿದ್ದರೆ ಟೋಕಿಯೋ ಸ್ಟೇಷನ್ ಎದುರಿನ ಕಿತ್ತೆ ಕಟ್ಟಡದಲ್ಲಿ ನೆಮುರೊ ಹನಾಮಾರು ಇದೆ. ಉತ್ತರದ ಹೊಕ್ಕೈಡೊ ದ್ವೀಪದಿಂದ ಬಂದ ಅಂಗಡಿ, ಮೀನು ಬಹಳ ಚೆನ್ನ. ನಿಮ್ಮ ಮನೆಯವರ ವಿಷಯಕ್ಕೂ ತಿರುಗುವ ಪಟ್ಟಿಯೇ ಒಳ್ಳೆಯದು. ಕೌಂಟರ್ ಅಂಗಡಿಯಲ್ಲಿ ಬಾಣಸಿಗ ಕೊಟ್ಟದ್ದನ್ನು ಬೇಡ ಎನ್ನುವ ಮುಜುಗರ ಇಲ್ಲಿಲ್ಲ.

ಅವರಿಗೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಕಪ್ಪಾ-ಮಾಕಿ ಎಂದರೆ ಸೌತೆಕಾಯಿಯನ್ನು ಅನ್ನ, ಕಡಲಪಾಚಿಯಲ್ಲಿ ಸುತ್ತಿದ್ದು. ಶಿಂಕೊ-ಮಾಕಿಯಲ್ಲಿ ಮೂಲಂಗಿಯ ಉಪ್ಪಿನಕಾಯಿ. ನತ್ತೊ-ಮಾಕಿಯಲ್ಲಿ ಹುದುಗಿಸಿದ ಸೋಯಾ ಕಾಳು, ಲೋಳೆ ಲೋಳೆ. ಅದರ ಜೊತೆಗೆ ಕೊಡುವ ಸಾಸ್‌ನಲ್ಲಿ ಮೀನಿನ ಸಾರ ಇರಬಹುದು, ಅದನ್ನು ಬೇಡ ಎನ್ನಲಿ. ನಾನು ಮನಸಾರೆ ಹೇಳುವುದು ಉಮೆ-ಶಿಸೊ-ಮಾಕಿ. ಉಮೆ ಎಂಬ ಹುಳಿ ಕಾಯಿಯನ್ನು ಉಪ್ಪಿನಲ್ಲಿಟ್ಟು ಒಣಗಿಸಿ ಮಾಡಿದ ಪೇಸ್ಟ್, ಜೊತೆಗೆ ಶಿಸೊ ಎಂಬ ಘಮದ ಎಲೆ. ಅಪ್ಪೆಮಿಡಿಯ ಸೊನೆಯ ಘಮ ಗೊತ್ತಿರುವ ನಾಲಿಗೆಗೆ ಅದು ಮೊದಲ ತುತ್ತಿಗೇ ನೆಂಟನಾಗುತ್ತದೆ. ಆದರೆ ಅಲ್ಲೂ ಒಂದು ಎಚ್ಚರ. ಉಮೆ ಪೇಸ್ಟಿಗೆ ಮೀನಿನ ಪುಡಿ ಬೆರೆಸುವವರಿದ್ದಾರೆ, ಕೇಳಿಯೇ ತರಿಸಬೇಕು.

ಎಚ್ಚರ ಬೇಕಾದ ಇನ್ನೆರಡು ತಿಂಡಿಗಳಿವೆ. ಕನ್‌ಪ್ಯೊ-ಮಾಕಿ ನೋಡಲು ಪೂರಾ ಸಸ್ಯಾಹಾರ. ಸೋರೆಕಾಯಿಯನ್ನು ರಿಬ್ಬನ್ನಿನಂತೆ ಉದ್ದಕ್ಕೆ ಹೆರೆದು ಒಣಗಿಸಿ, ಸಕ್ಕರೆ, ಸೋಯಾ ಸಾಸ್ ಹಾಕಿ ಬೇಯಿಸಿದ್ದು. ತೊಚಿಗಿ ಪ್ರಾಂತ್ಯದ ಬೆಳೆ ಅದು. ಇನಾರಿ ಎಂದರೆ ಕರಿದ ತೋಫುವಿನ, ಅಂದರೆ ಸೋಯಾ ಹಾಲಿನ ಪನೀರಿನಂಥದರ, ಚೀಲದಲ್ಲಿ ಅನ್ನ ತುಂಬಿದ್ದು, ಸಿಹಿ. ಆದರೆ ಎರಡನ್ನೂ ಬೇಯಿಸುವ ನೀರು ಬಹಳ ಕಡೆ ದಾಶಿ, ಅಂದರೆ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಯ ಸಾರು. ಮೀನು ಕಣ್ಣಿಗೆ ಕಾಣುವುದಿಲ್ಲ, ಸಾರದಲ್ಲಿ ಇರುತ್ತದೆ. ಹುದುಗಿಸಿದ ಸೋಯಾ ಪೇಸ್ಟಿನಿಂದ ಮಾಡುವ ಮಿಸೊ ಸೂಪಿನದ್ದೂ ಇದೇ ಕಥೆ. ಹತ್ತು ವರ್ಷ ವ್ರತದಂತೆ ನಡೆಸಿಕೊಂಡು ಬಂದವರಿಗೆ ಇದು ಸಣ್ಣ ವಿಷಯವಲ್ಲ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಅಲ್ಲಿನವರು ಮಾಂಸ ಬೇಡ ಎಂದು ತಿಳಿದು ದಾಶಿ ಹಾಕಿದ್ದನ್ನೇ ಕೊಡುತ್ತಾರೆ. ಅವರ ಮನಸ್ಸಿನಲ್ಲಿ ಮೋಸವಿಲ್ಲ, ದಾಶಿಯನ್ನು ಅವರು ಮೀನು ಎಂದು ಎಣಿಸುವುದೇ ಇಲ್ಲ. ಮೀನಿನ ದಾಶಿ ಕೂಡ ಬೇಡ ಎಂದು ಮಗಳು ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆದುಕೊಡಲಿ. ಮೊಟ್ಟೆಯನ್ನೂ ಸೇರಿಸಿ ಬರೆಯಲಿ.

ಈಗ ನಿಮ್ಮ ಅಂಜಿಕೆ. ಅದು ನ್ಯಾಯವಾದದ್ದೇ. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು, ವಿಶೇಷವಾಗಿ ಬಂಗುಡೆಯ ಜಾತಿಯಲ್ಲಿ. ವಿನೆಗರ್‌ಗಾಗಲಿ, ಉಪ್ಪಿಗಾಗಲಿ, ಸುಶಿಗೆ ಹಚ್ಚುವ ವಸಾಬಿ ಎಂಬ ಘಾಟಿನ ಪೇಸ್ಟಿಗಾಗಲಿ ಅದು ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು ಹೆಪ್ಪುಗಟ್ಟಿಸಿದರೆ ಸಾಯುತ್ತದೆ, ಬೇಯಿಸಿದರೆ ಸಾಯುತ್ತದೆ. ನುರಿತ ಬಾಣಸಿಗರು ಮೀನಿನ ಕರುಳನ್ನು ಬೇಗ ತೆಗೆದು, ಪ್ರತಿ ಹೋಳನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಜನ ತುಂಬಿದ, ಮೀನು ಬೇಗ ಖಾಲಿಯಾಗುವ ಅಂಗಡಿಯಲ್ಲಿ ಅಪಾಯ ಕಡಿಮೆ. ಹಾಗೆಂದು ಇಲ್ಲವೇ ಇಲ್ಲ ಎನ್ನಲಾರೆ. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗ ಹಿಂಡಿದಂತೆ ನೋವು ಬಂದರೆ ಆಸ್ಪತ್ರೆಗೆ ಹೋಗಿ, ತಿಂದದ್ದನ್ನು ಹೇಳಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಪಿತ್ತಜನಕಾಂಗದ ತೊಂದರೆ ಇದ್ದರೆ ಹಸಿ ಮೀನಿನ ಗೋಜಿಗೇ ಹೋಗಬೇಡಿ, ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.

ತಿನ್ನುವ ಕ್ರಮವನ್ನು ನಾನು ಹೀಗೆ ಹೇಳುತ್ತೇನೆ. ಮೊದಲು ಬೇಯಿಸಿದ್ದು: ಅನಾಗೊ ಎಂಬ ಕಡಲ ಹಾವುಮೀನು, ಬೇಯಿಸಿದ ಸಿಗಡಿ. ಆಮೇಲೆ ಕೊಹಾದಾ. ಬೆಳ್ಳಿ ಮೈಯ ಸಣ್ಣ ಮೀನು, ಉಪ್ಪಿನಲ್ಲೂ ವಿನೆಗರ್‌ನಲ್ಲೂ ಪಳಗಿಸಿದ್ದು. ಬಾಣಸಿಗನ ಕೈಗುಣವನ್ನು ಅಳೆಯುವುದು ಇದರಿಂದಲೇ, ತೊರೊದಿಂದಲ್ಲ. ಆಮೇಲೆ ಸೋಯಾದಲ್ಲಿ ಅದ್ದಿಟ್ಟ ಕೆಂಪು ಟ್ಯೂನಾ, ಅದಕ್ಕೆ ಝುಕೆ ಎನ್ನುತ್ತಾರೆ. ಇಷ್ಟರಲ್ಲಿ ನಾಲಿಗೆಗೆ ಧೈರ್ಯ ಬಂದಿರುತ್ತದೆ, ಹಸಿ ಮೀನಿನ ಸರದಿ ಆಗ ಬರಲಿ. ತೊರೊದಿಂದ ಶುರುಮಾಡಿದವರಿಗೆ ಆ ಕೊಬ್ಬು ಬಾಯಿಗೆ ಮೆತ್ತಿಕೊಂಡು ಮುಂದಿನದೆಲ್ಲ ಸಪ್ಪೆ ಎನಿಸುತ್ತದೆ.

ಕೈಯಿಂದಲೇ ತಿನ್ನಿ. ನಿಗಿರಿಯನ್ನು ಕೈಯಲ್ಲಿ ತಿನ್ನುವುದು ಅಲ್ಲಿಯ ಹಳೆಯ ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ. ಸೋಯಾ ಸಾಸ್‌ಗೆ ಮೀನಿನ ಕಡೆಯನ್ನು ತುಸು ತಾಗಿಸಿ, ಅನ್ನವನ್ನು ಅದ್ದಿದರೆ ಕುಸಿದು ಬೀಳುತ್ತದೆ. ಎದುರಿಗಿಟ್ಟ ತಕ್ಷಣ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಿ, ಫೋಟೊ ತೆಗೆಯುವಷ್ಟರಲ್ಲಿ ಅನ್ನದ ಕಾವು ಹೋಗಿರುತ್ತದೆ. ಶುಂಠಿಯ ಎಸಳುಗಳು ಮೀನಿನ ಮೇಲೆ ಹೊದಿಸಲಿಕ್ಕಲ್ಲ, ಒಂದು ತುಂಡಿಗೂ ಮುಂದಿನದಕ್ಕೂ ನಡುವೆ ಬಾಯಿ ತೊಳೆಯಲಿಕ್ಕೆ. ವಸಾಬಿ ನಮ್ಮ ಸೂಜಿಮೆಣಸಿನಂತೆ ನಾಲಿಗೆ ಸುಡುವುದಿಲ್ಲ, ಹಸಿ ಸಾಸಿವೆ ಅರೆದಾಗ ಬರುವ ಘಾಟಿನಂತೆ ಮೂಗಿಗೆ ಏರಿ ಇಳಿದುಹೋಗುತ್ತದೆ. ಟಿಪ್ಸ್ ಕೊಡಬೇಡಿ. ಅತ್ತರು ಹಚ್ಚಿಕೊಂಡು ಹೋಗಬೇಡಿ, ಅಷ್ಟು ಸಣ್ಣ ಕೋಣೆಯಲ್ಲಿ ಪಕ್ಕದವರ ಊಟವೂ ಕೆಡುತ್ತದೆ. ಕಾದಿರಿಸಿದ ಜಾಗಕ್ಕೆ ಹೋಗದೆ ಇರುವುದು ಅಲ್ಲಿ ದೊಡ್ಡ ಅಪಚಾರ. ಎಂಟು ಆಸನದ ಅಂಗಡಿಯಲ್ಲಿ ಎರಡು ಖಾಲಿ ಉಳಿದರೆ ಆ ದಿನದ ಮೀನು ದಂಡವಾಗುತ್ತದೆ.

ಊರಿಗೆ ಬಂದ ಮೇಲೆ ಮನೆಯಲ್ಲಿ ಮಾಡುವ ಆಸೆ ಹುಟ್ಟುತ್ತದೆ, ಎಲ್ಲರಿಗೂ ಹುಟ್ಟುತ್ತದೆ. ದಯವಿಟ್ಟು ತುಂಗೆಯ ಮೀನನ್ನು ಹಸಿಯಾಗಿ ತಿನ್ನಬೇಡಿ, ಮೊಮ್ಮಕ್ಕಳಿಗೆ ಕೊಡಲೇಬೇಡಿ. ಹೊಳೆ, ಕೆರೆಯ ಮೀನುಗಳಲ್ಲಿ ಪಿತ್ತನಾಳಕ್ಕೆ ಸೇರುವ ಚಪ್ಪಟೆ ಹುಳುಗಳ ಮರಿಗಳು ಇರಬಹುದು. ಸುಶಿಯವರು ಬಳಸುವುದು ಹೆಚ್ಚಾಗಿ ಕಡಲ ಮೀನು, ಹೊಳೆಯ ಹಾವುಮೀನನ್ನಂತೂ ಬೇಯಿಸದೆ ಮುಟ್ಟುವುದಿಲ್ಲ. ಅದರ ರಕ್ತದಲ್ಲೇ ವಿಷವಿದೆ. ಘಟ್ಟ ಹತ್ತಿ ಐಸ್ ಪೆಟ್ಟಿಗೆಯಲ್ಲಿ ಬರುವ ಮಲ್ಪೆ, ಭಟ್ಕಳದ ಮೀನು ಸಾರಿಗೂ ಹುರಿಯುವುದಕ್ಕೂ ಬಹಳ ಒಳ್ಳೆಯದು, ಹಸಿ ತಿನ್ನುವುದಕ್ಕೆ ಅದನ್ನು ಯಾರೂ ಹಿಡಿದೂ ಇಲ್ಲ, ಇಟ್ಟೂ ಇಲ್ಲ. ಮೀನು ಬಿಟ್ಟು ಅನ್ನದ ಕಡೆಯಿಂದ ಶುರುಮಾಡಿ. ಬರುವಾಗ ಎರಡು ಕಿಲೋ ಜಪಾನಿ ಅಕ್ಕಿ ಸಿಗದಿದ್ದರೂ ಚಿಂತೆಯಿಲ್ಲ, ಒಂದು ಕಟ್ಟು ನೋರಿ ಎಂಬ ಕಡಲಪಾಚಿಯ ಹಾಳೆ, ಒಂದು ಬಾಟಲಿ ಅಕ್ಕಿಯ ವಿನೆಗರ್ ತನ್ನಿ. ನಮ್ಮ ದಪ್ಪ ಬೆಳ್ತಿಗೆ ಅಕ್ಕಿಯ ಅನ್ನವನ್ನು ಸ್ವಲ್ಪ ಬಿರುಸಾಗಿ ಬೇಯಿಸಿ, ಬಿಸಿಯಿರುವಾಗಲೇ ವಿನೆಗರ್, ಉಪ್ಪು, ಚಿಟಿಕೆ ಸಕ್ಕರೆ ಬೆರೆಸಿ, ಬಾಳೆಲೆಯ ಮೇಲೆ ಹರಡಿ ಬೀಸಿ. ಕುಚ್ಚಲಕ್ಕಿ ಬೇಡ, ಅದು ಅಂಟುವುದಿಲ್ಲ. ಬೆಚ್ಚಗಾದಾಗ ನೋರಿಯ ಮೇಲೆ ತೆಳ್ಳಗೆ ಹರಡಿ, ನಡುವೆ ಎಳೆ ಸೌತೆಯ ಸೀಳು, ಅಪ್ಪೆಮಿಡಿಯ ಒಂದು ಎಸಳು ಇಟ್ಟು ಸುತ್ತಿ. ನಿಮ್ಮ ಮನೆಯವರೂ ಅನುಮಾನವಿಲ್ಲದೆ ತಿನ್ನಬಹುದಾದ ಸುಶಿ ಅದು. ಹರಿತವಾದ ಚಾಕುವನ್ನು ಪ್ರತಿ ಸಲವೂ ಒದ್ದೆ ಮಾಡಿಕೊಂಡು ಕತ್ತರಿಸಿ, ಇಲ್ಲದಿದ್ದರೆ ಅನ್ನ ಅಂಟಿ ಸುರುಳಿ ಬಿಚ್ಚಿಹೋಗುತ್ತದೆ.